ಧ್ರುವಪ್ರಭೆ ಮತ್ತು ವಿಸ್ಮಯವೆಂಬ ದೋಷ

2024ರ ಮೇ 10, ಶುಕ್ರವಾರ, ಅಕ್ಷಯ ತದಿಗೆ. ಮೈಸೂರಿನ ಶ್ರೀರಾಂಪುರದ ಮನೆಯೊಂದರಲ್ಲಿ ಅಂದು ಆದಿನಾಥ ತೀರ್ಥಂಕರರ ಪೂಜೆ ನೆರವೇರಿ, ಬಂದವರಿಗೆಲ್ಲ ಕಬ್ಬಿನ ಹಾಲು ಹಂಚಲಾಗಿತ್ತು. ಮರುದಿನ ನಸುಕಿನಲ್ಲಿ ಆ ಮನೆಯ ಹಿರಿಯ ತಾಯಿ ಸಾಮಾಯಿಕ ಮುಗಿಸಿ ಎದ್ದಾಗ, ಇಂಗ್ಲೆಂಡಿನಲ್ಲಿರುವ ಮೊಮ್ಮಗಳು ಕಳುಹಿಸಿದ ಚಿತ್ರಗಳು ಮೊಬೈಲಿಗೆ ಬಂದಿದ್ದವು. ಆಕಾಶದ ತುಂಬ ಗುಲಾಬಿ, ಹಸಿರು, ನೇರಳೆ ಬಣ್ಣದ ತೆರೆಗಳು. ಸ್ವಲ್ಪ ಹೊತ್ತಿಗೆ ಆಕೆಯ ಕರೆಯೂ ಬಂತು. “ಅಜ್ಜಿ, ನೋಡ್ತಾ ನೋಡ್ತಾ ಅಳು ಬಂದುಬಿಡ್ತು. ತಾತ ಇದ್ದಿದ್ದರೆ ಅವರಿಗೆ ತೋರಿಸಬಹುದಿತ್ತು.” ಆಕೆ ಚಿಕ್ಕವಳಿದ್ದಾಗ ಅದೇ ಮನೆಯ ತಾರಸಿಯ ಮೇಲೆ ಕೂರಿಸಿಕೊಂಡು ಸಪ್ತರ್ಷಿ ಮಂಡಲವನ್ನೂ ಧ್ರುವ ನಕ್ಷತ್ರವಿರುವ ದಿಕ್ಕನ್ನೂ ತೋರಿಸಿದ್ದವರು ತಾತ. ಅವರು ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ.

ಕರೆ ಮುಗಿದ ಮೇಲೆ ಆ ತಾಯಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು. ದಿನವೂ ತಾನು ಸ್ತುತಿಸುವ ಅರಹಂತ ಪರಮೇಷ್ಠಿಯು ಹದಿನೆಂಟು ದೋಷಗಳಿಂದ ಮುಕ್ತನಾದವನು. ಹಸಿವು, ಬಾಯಾರಿಕೆ, ಭಯ, ರಾಗ, ಮೋಹ, ಮುಪ್ಪು, ನಿದ್ರೆ ಮೊದಲಾದವುಗಳ ಜೊತೆಗೆ ಕುಂದಕುಂದಾಚಾರ್ಯರು ನಿಯಮಸಾರದಲ್ಲಿ ವಿಸ್ಮಯವನ್ನೂ ಒಂದು ದೋಷವೆಂದೇ ಎಣಿಸಿದ್ದಾರೆ. ಹಾಗಾದರೆ ಮೊಮ್ಮಗಳ ಕಣ್ಣಲ್ಲಿ ನೀರು ತರಿಸಿದ ಆ ವಿಸ್ಮಯವೂ ದೋಷವೇ? ಶ್ರಾವಕನಾದವನು ಆಕಾಶದ ಬೆಳಕನ್ನು ಕಂಡು ಬೆರಗಾಗಬಾರದೇ?

ಪ್ರಶ್ನೆ ಸಣ್ಣದಲ್ಲ. ಉತ್ತರಿಸುವ ಮೊದಲು ಆ ರಾತ್ರಿ ನಡೆದುದೇನೆಂಬುದನ್ನು ಅರಿಯಬೇಕು. ಆ ದಿನಗಳಲ್ಲಿ ಸೂರ್ಯನ ಮುಖದ ಮೇಲೆ ಭೂಮಿಯ ವ್ಯಾಸದ ಸುಮಾರು 15 ಪಟ್ಟು ಅಗಲದ ಕಲೆಗಳ ಗುಂಪೊಂದು ಕಾಣಿಸಿಕೊಂಡಿತ್ತು. ಅಲ್ಲಿಂದ ವಿದ್ಯುದಾವೇಶವುಳ್ಳ ಕಣಗಳ ಮೋಡಗಳು ಒಂದರ ಹಿಂದೊಂದು ಚಿಮ್ಮಿ, ಸುಮಾರು 15 ಕೋಟಿ ಕಿಲೋಮೀಟರ್ ದೂರವನ್ನು ಕ್ರಮಿಸಿ ಭೂಮಿಯನ್ನು ತಲುಪಿದವು. ಭೂಮಿಯ ಕಾಂತಕ್ಷೇತ್ರ ಕದಡಿತು. 2003ರ ನಂತರ ಅಷ್ಟು ಪ್ರಬಲವಾದ ಕಾಂತೀಯ ಬಿರುಗಾಳಿ ಬೀಸಿರಲಿಲ್ಲ. ಮೇಲಿನ ವಾಯುಮಂಡಲಕ್ಕೆ ಧುಮುಕಿದ ಕಣಗಳ ಹೊಡೆತಕ್ಕೆ ಆಮ್ಲಜನಕವು ನೂರು ಕಿಲೋಮೀಟರಿಗೂ ಮೇಲೆ ಹಸಿರಾಗಿಯೂ, ಇನ್ನೂರು ಕಿಲೋಮೀಟರಿಗೂ ಮೇಲೆ ಕೆಂಪಾಗಿಯೂ ಬೆಳಗುತ್ತದೆ. ಸಾಮಾನ್ಯವಾಗಿ ಧ್ರುವಪ್ರದೇಶಗಳ ಸಮೀಪದಲ್ಲಷ್ಟೇ ಕಾಣುವ ಈ ಧ್ರುವಪ್ರಭೆ ಅಂದು ನಮ್ಮ ದೇಶದಲ್ಲಿಯೂ ಗೋಚರಿಸಿತು. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಕ್ಯಾಮೆರಾಗಳು ಉತ್ತರ ದಿಗಂತದ ಅಂಚಿನಲ್ಲಿ ಕೆಂಪು ಪ್ರಭೆಯನ್ನು ದಾಖಲಿಸಿದವು. ಮೈಸೂರು ಇರುವುದು ಅದಕ್ಕಿಂತ ಬಹಳ ದಕ್ಷಿಣದಲ್ಲಿ. ಶ್ರೀರಾಂಪುರದ ಆಕಾಶದಲ್ಲಿ ಅಂದು ಏನೂ ಕಾಣಲಿಲ್ಲ.

ಇಂತಹ ದೃಶ್ಯವನ್ನು ಕಂಡಾಗ ಜನರು ಎರಡು ಬಗೆಯಲ್ಲಿ ಎಡವುವುದುಂಟು. ಆಕಾಶ ಕೆಂಪಾದರೆ ಕೇಡು ಕಾದಿದೆ, ಯಾವುದೋ ದೇವತೆ ಮುನಿದಿದ್ದಾಳೆ ಎಂದು ಹೆದರುವುದು ಒಂದು ಬಗೆ. ಇದೆಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಬರೆದಿದೆ ಎಂದು ಬೀಗುವುದು ಇನ್ನೊಂದು ಬಗೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ಅಮೂಢದೃಷ್ಟಿ ಇವೆರಡನ್ನೂ ಒಪ್ಪುವುದಿಲ್ಲ. ಭಯದಿಂದ ಕೈ ಮುಗಿಯುವುದು ಲೋಕಮೂಢತೆ. ಓದದ ಶಾಸ್ತ್ರದ ಹೆಸರಿನಲ್ಲಿ ಗರ್ವಪಡುವುದು ಮದ. ಧ್ರುವಪ್ರಭೆಯ ಹೆಸರನ್ನು ಆಗಮಗಳಲ್ಲಿ ಹುಡುಕುವ ಅಗತ್ಯವಿಲ್ಲ. ಆಗಮಗಳಿಂದ ಪಡೆಯಬೇಕಾದುದು ಅದನ್ನು ನೋಡುವ ದೃಷ್ಟಿಯನ್ನು.

ಆ ದೃಷ್ಟಿ ಯಾವುದು? ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಶಬ್ದ, ನೆರಳು, ಕತ್ತಲೆ ಮೊದಲಾದವುಗಳನ್ನು ಪುದ್ಗಲದ ಪರ್ಯಾಯಗಳೆಂದು ಹೇಳುತ್ತದೆ. ಅದೇ ಸಾಲಿನಲ್ಲಿ ಬೆಳಕನ್ನು ಆತಪ ಮತ್ತು ಉದ್ಯೋತ ಎಂದು ಎರಡಾಗಿ ಹೆಸರಿಸುತ್ತದೆ. ಸೂರ್ಯನ ಬಿಸಿಲಿನಂತೆ ಕಾವಿನಿಂದ ಕೂಡಿದ್ದು ಆತಪ. ಬೆಳುದಿಂಗಳಂತೆ, ಮಿಂಚುಹುಳುವಿನ ಹೊಳಪಿನಂತೆ ತಂಪಾಗಿರುವುದು ಉದ್ಯೋತ. ನೋಡುವವನ ಮೈಗೆ ಯಾವ ಕಾವನ್ನೂ ತಾಗಿಸದ ಧ್ರುವಪ್ರಭೆಯನ್ನು ಉದ್ಯೋತವೆಂದು ಭಾವಿಸುವುದು ಸಹಜ. ಅದನ್ನು ಬೆಳಗಿಸಿದ ಕರ್ತೃ ಯಾರೂ ಇಲ್ಲ. ಯಾರ ಕೋಪವೂ ಅಲ್ಲಿಲ್ಲ, ಯಾರ ಕೃಪೆಯೂ ಇಲ್ಲ. ಪುದ್ಗಲವು ತನ್ನ ಸ್ವಭಾವದಂತೆ ಪರಿಣಮಿಸಿತು. ಒಂದು ಪರ್ಯಾಯ ಹುಟ್ಟಿತು, ಇನ್ನೊಂದು ಅಳಿಯಿತು, ದ್ರವ್ಯ ಉಳಿಯಿತು. ಇಷ್ಟನ್ನು ಅರಿತವನಿಗೆ ವಿಜ್ಞಾನದ ವಿವರಣೆಯು ಶ್ರದ್ಧೆಗೆ ಶತ್ರುವೆನಿಸುವುದಿಲ್ಲ.

ಇನ್ನು ವಿಸ್ಮಯದ ಮಾತು. ಕೇವಲಜ್ಞಾನಿಗೆ ವಿಸ್ಮಯವಿಲ್ಲ, ಏಕೆಂದರೆ ಮೂರು ಕಾಲಗಳ ಸಕಲ ದ್ರವ್ಯ, ಸಕಲ ಪರ್ಯಾಯಗಳೂ ಅವನ ಅರಿವಿಗೆ ಏಕಕಾಲದಲ್ಲಿ ಗೋಚರ. ಅರಿಯದೆ ಉಳಿದುದು ಎದುರಾದಾಗ ತಾನೆ ಬೆರಗು? ಆದರೆ ವಿಸ್ಮಯವಿಲ್ಲದವರು ಇನ್ನೂ ಒಂದು ವರ್ಗದವರಿದ್ದಾರೆ. ಅವರು ತಲೆ ಎತ್ತಿ ನೋಡುವುದೇ ಇಲ್ಲ. ತಿಂಗಳು ಹುಟ್ಟಿದರೂ ಮುಳುಗಿದರೂ ಅವರಿಗೆ ಒಂದೇ. ಇವರ ನಿರ್ವಿಕಾರಕ್ಕೂ ಅರಹಂತನ ನಿರ್ವಿಕಾರಕ್ಕೂ ಹೊರಗಿನಿಂದ ಹೋಲಿಕೆ ಕಂಡರೂ ನಡುವೆ ಹದಿನಾಲ್ಕು ಗುಣಸ್ಥಾನಗಳ ಏಣಿಯೇ ಇದೆ. ಒಬ್ಬನು ಏಣಿಯ ತುದಿ ಸೇರಿದವನು. ಇನ್ನೊಬ್ಬನು ಬುಡದಲ್ಲಿ ಮಲಗಿರುವವನು. ನಮ್ಮಂತಹ ಅಲ್ಪಜ್ಞರ ಪಾಲಿಗೆ ವಿಸ್ಮಯವು ‘ನಾನು ಅರಿಯೆ’ ಎಂಬ ಪ್ರಾಮಾಣಿಕ ಒಪ್ಪಿಗೆ. ಅದು ದೋಷವೇ ನಿಜ. ಆದರೆ ಹಸಿವೂ ಆ ಪಟ್ಟಿಯಲ್ಲಿದೆ. ಹಸಿದವನು ಹಸಿವಿಲ್ಲವೆಂದು ನಟಿಸಿದ ಮಾತ್ರಕ್ಕೆ ಕೇವಲಿಯಾಗುವುದಿಲ್ಲ. ಅರಿವಿನ ಹಸಿವೂ ಅಷ್ಟೇ. ಅದು ತೀರಬೇಕಾದುದು ಅರಿವಿನಿಂದಲೇ.

ಹಾಗಾಗಿ ಕೇಳಿಕೊಳ್ಳಬೇಕಾದುದು ವಿಸ್ಮಯ ಸಲ್ಲದೇ ಎಂದಲ್ಲ, ಅದು ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂದು. ಅಕ್ಷಯ ತದಿಗೆಯ ಹಿಂದಿರುವ ಕಥೆಯೇ ಇದಕ್ಕೆ ದಾರಿ ತೋರಿಸುತ್ತದೆ. ಮಹಾಕವಿ ಪಂಪನು 10ನೇ ಶತಮಾನದಲ್ಲಿ ಆದಿಪುರಾಣದಲ್ಲಿ ನಿರೂಪಿಸಿದ ನೀಲಾಂಜನೆಯ ಪ್ರಸಂಗವನ್ನು ಕನ್ನಡಿಗರು ಮರೆತಿಲ್ಲ. ವೃಷಭದೇವನ ಆಸ್ಥಾನದಲ್ಲಿ ದೇವನರ್ತಕಿ ನೀಲಾಂಜನೆ ನರ್ತಿಸುತ್ತಿದ್ದಾಗಲೇ ಅವಳ ಆಯುಷ್ಯ ಮುಗಿದು, ಮಿಂಚಿನಂತೆ ಮಾಯವಾದಳು. ರಸಭಂಗವಾಗದಂತೆ ಇಂದ್ರನು ಮರುಕ್ಷಣವೇ ಅವಳಂತೆಯೇ ಇರುವ ಮತ್ತೊಬ್ಬಳನ್ನು ನಿಲ್ಲಿಸಿದ. ಸಭೆ ನೃತ್ಯವನ್ನು ಸವಿಯುತ್ತಲೇ ಇತ್ತು. ವೃಷಭದೇವನೊಬ್ಬನೇ ಆದುದನ್ನು ಕಂಡ. ನೋಟ ಎಲ್ಲರಿಗೂ ಒಂದೇ ಆಗಿತ್ತು. ಸಭೆಗೆ ಅದು ರಂಜನೆಯಾಯಿತು. ಅವನಿಗೆ ಅನಿತ್ಯದ ಅರಿವಾಯಿತು. ಅಲ್ಲಿಂದ ಹೊರಟ ದಾರಿ ರಾಜ್ಯತ್ಯಾಗ, ದೀಕ್ಷೆ, ವರ್ಷಕ್ಕೂ ಮಿಗಿಲಾದ ಉಪವಾಸಗಳನ್ನು ದಾಟಿ, ಹಸ್ತಿನಾಪುರದಲ್ಲಿ ಶ್ರೇಯಾಂಸನು ನೀಡಿದ ಕಬ್ಬಿನ ರಸದ ಆಹಾರದವರೆಗೆ ಬಂತು. ಆ ದಿನವೇ ಅಕ್ಷಯ ತದಿಗೆ. ಕ್ಷಯವನ್ನು ಕಣ್ಣಾರೆ ಕಂಡವನೇ ಅಕ್ಷಯದ ದಾರಿ ಹಿಡಿದ.

ಅದೇ ತದಿಗೆಯ ರಾತ್ರಿ ಆಕಾಶದಲ್ಲಿ ಬೆಳಕು ಕುಣಿದು ಅಳಿಯಿತು. ಅದನ್ನು ಕಂಡವರಲ್ಲಿ ಹಲವರು ಮರುರಾತ್ರಿಯೂ ಮೊಬೈಲು ಹಿಡಿದು ಬಯಲಿಗೆ ಹೋದರು. ಬಹುಪಾಲು ಕಡೆ ಮೊದಲ ರಾತ್ರಿಯ ವೈಭವ ಮರಳಲಿಲ್ಲ. ಅನೇಕರಿಗೆ ಬರಿಗಣ್ಣಿಗೆ ಮಸುಕಾಗಿ ತೋರಿದ್ದು ಕ್ಯಾಮೆರಾದಲ್ಲಿ ಮಾತ್ರ ಗಾಢ ಬಣ್ಣವಾಗಿ ಮೂಡಿತ್ತು. ಇಂದ್ರಿಯಗಳ ಮೂಲಕ ಬರುವ ಮತಿಜ್ಞಾನಕ್ಕೆ ಎಷ್ಟು ಸಣ್ಣ ಎಲ್ಲೆ ಇದೆಯೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ. ಇನ್ನೊಮ್ಮೆ ಬೇಕು, ಮತ್ತೊಮ್ಮೆ ಬೇಕು ಎಂದು ವಿಸ್ಮಯವು ಬಯಕೆಗೆ ತಿರುಗಿದರೆ ಅದು ರಾಗ. ಕರ್ಮದ ಆಸ್ರವಕ್ಕೆ ಬಾಗಿಲು. ‘ಇದು ಹೋಗುವಂಥದು, ಹೋಗುವುದನ್ನು ನೋಡುತ್ತಿರುವ ನಾನು ಯಾರು?’ ಎಂದು ಒಳಗೆ ತಿರುಗಿದರೆ ಅದೇ ವಿಸ್ಮಯ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದಾದ ಅನಿತ್ಯಾನುಪ್ರೇಕ್ಷೆಯಾಗುತ್ತದೆ.

ಶ್ರೀರಾಂಪುರದ ಆ ತಾಯಿ ಮರುದಿನ ಮೊಮ್ಮಗಳಿಗೆ ಹೇಳಿದ್ದು ಇಷ್ಟೇ: “ಅತ್ತಿದ್ದು ತಪ್ಪಲ್ಲ ಮಗು. ಆ ಬೆಳಕು ಹೋಯಿತು, ನಿಮ್ಮ ತಾತನೂ ಹೋದರು. ಅವರು ನೋಡುವುದನ್ನು ಕಲಿಸಿದ್ದರಲ್ಲ, ಅದು ಇನ್ನೂ ನಿನ್ನ ಹತ್ತಿರ ಇದೆ.” ಅಂದು ಸಂಜೆ ಬಹಳ ದಿನಗಳ ಮೇಲೆ ಅವರು ತಾರಸಿ ಹತ್ತಿದರು. ಅಲ್ಲಿ ರಾತ್ರಿಯಿಡೀ ಉರಿಯುತ್ತಿದ್ದ ದೀಪವನ್ನು ಆರಿಸಿದರು. ದೀಪಕ್ಕೆ ಮುತ್ತಿ ಸಾಯುವ ಹುಳುಗಳು ಉಳಿದವು. ಮೋಡದ ಸಂದಿಯಲ್ಲಿ ನಾಲ್ಕಾರು ನಕ್ಷತ್ರಗಳೂ ಕಂಡವು.

ಧ್ರುವಪ್ರಭೆಯನ್ನು ಕಾಣುವ ಅವಕಾಶ ಎಲ್ಲರಿಗೂ ಒದಗದು. ಅದಕ್ಕಾಗಿ ಲಕ್ಷಾಂತರ ರೂಪಾಯಿ ವೆಚ್ಚಮಾಡಿ ಉತ್ತರಕ್ಕೆ ಹೋದವರಿಗೂ ಮೋಡ ಅಡ್ಡ ಬರಬಹುದು. ಆದರೆ ಹುಟ್ಟಿ ಅಳಿಯುವ ಬೆಳಕು ಎಲ್ಲರ ಮನೆಯ ಮೇಲೂ ಪ್ರತಿ ಸಂಜೆ ಇದೆ. ಬೇಡದ ದೀಪವೊಂದನ್ನು ಆರಿಸಿ ಕ್ಷಣಹೊತ್ತು ಅದನ್ನು ನೋಡುವುದು ಅಹಿಂಸೆಯೂ ಹೌದು, ಸ್ವಾಧ್ಯಾಯವೂ ಹೌದು.