ಆರೈಕೆಯವರು ನರ್ಸ್ ಆಗುವುದು ಹೇಗೆ?

ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ, ಆ ಮಠವನ್ನು ವೇದ, ವ್ಯಾಕರಣ ಕಲಿಸುವ ಸ್ಥಳವೆಂದೂ ಅನಾಥ ರೋಗಿಗಳಿಗೆ ಔಷಧಿ ಕೊಡುವ ಸ್ಥಳವೆಂದೂ ಹೇಳುತ್ತದೆ. ಓದು, ಆರೈಕೆ ಎರಡೂ ಒಂದೇ ಸೂರಿನಡಿ ಇದ್ದವು.

ಇಂದು ಆಸ್ಪತ್ರೆಗಳಲ್ಲಿ, ಮನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಹಳ್ಳಿಯ ಹೆಣ್ಣುಮಕ್ಕಳು ಬಹಳ ಇದ್ದಾರೆ. ಅದೇನೂ ಹಗುರ ಕೆಲಸವಲ್ಲ. ಮಗ್ಗುಲು ಬದಲಿಸದೆ ಮಲಗಿಸಿದರೆ ಒತ್ತಿದ ಜಾಗಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ. ಕೆಲವೇ ತಿಂಗಳ 'ಜನರಲ್ ಡ್ಯೂಟಿ ಅಸಿಸ್ಟೆಂಟ್' ತರಬೇತಿಯಲ್ಲಿ ಇದನ್ನೆಲ್ಲ ಕಲಿಸುತ್ತಾರೆ. ಆದರೆ ಆ ಸರ್ಟಿಫಿಕೇಟ್ ಹಿಡಿದು ನರ್ಸ್ ಆಗಲು ಬರುವುದಿಲ್ಲ. ಸಾಲ ಮಾಡಿ ಫೀಸು ಕಟ್ಟಿದ ಮೇಲೆ ಇದು ತಿಳಿದರೆ ಏನು ಪ್ರಯೋಜನ?

ಕೆನಡಾದ ಒಂಟಾರಿಯೊದಲ್ಲಿ ಇಂಥ ಸಹಾಯಕರು ನರ್ಸ್ ಆಗಲೆಂದೇ ಸೇತುವೆಯಂಥ ಕೋರ್ಸುಗಳಿವೆ. ನಮ್ಮಲ್ಲಿ ಮೆಟ್ಟಿಲು ಶುರುವಾಗುವುದು ಪಿಯುಸಿಯಿಂದ. ನಂತರ 2 ವರ್ಷದ ಎಎನ್‌ಎಂ. ಹಾಗೆ ನೋಂದಣಿಯಾದವರಿಗೆ 3 ವರ್ಷದ ಜಿಎನ್‌ಎಂ. ಅದಾದ ಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ. ಪಿಯುಸಿಯಿಂದ ನೇರವಾಗಿ ಜಿಎನ್‌ಎಂಗೂ ಸೇರಬಹುದು.

ಇಷ್ಟು ವರ್ಷ ಯಾಕೆ ಎನ್ನುವವರು ಒಂದು ಲೆಕ್ಕ ಮಾಡಿ ನೋಡಲಿ. 500 ಮಿಲಿಲೀಟರ್ ಸಲೈನ್ 4 ಗಂಟೆಯಲ್ಲಿ ಹೋಗಬೇಕು. ಮಿಲಿಲೀಟರಿಗೆ 20 ಹನಿ. ನಿಮಿಷಕ್ಕೆ ಎಷ್ಟು? ಸುಮಾರು 42. ಎಸ್ಸೆಸ್ಸೆಲ್ಸಿಗೂ ಮುಂಚಿನ ಗಣಿತವೇ. ಆದರೆ ಇಲ್ಲಿ ತಪ್ಪಿದರೆ ಹೋಗುವುದು ಅಂಕವಲ್ಲ.

ಮಗಳನ್ನು ಸೇರಿಸುವ ಮುನ್ನ ತಂದೆತಾಯಂದಿರು ಕಚೇರಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: 'ಈ ಕೋರ್ಸು ಮುಗಿಸಿದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿಯಾಗುತ್ತದೆಯೆ?'