ಮುಂದಲೆ ತುಂಬಿದರೂ ಹಿಂದಲೆಯಲ್ಲಿ ಉಳಿಯುವ ಗುರುತು

ಉತ್ತರ ಪ್ರದೇಶದ ಕಾನ್ಪುರದಲ್ಲಿ ಕೂದಲು ಕಸಿ ಮಾಡಿಸಿಕೊಂಡ ಇಬ್ಬರು ಎಂಜಿನಿಯರ್‌ಗಳು ಮೃತಪಟ್ಟ ಪ್ರಕರಣ 2025ರ ಮೇ ತಿಂಗಳಲ್ಲಿ ಬೆಳಕಿಗೆ ಬಂದಾಗ ದೇಶದಾದ್ಯಂತ ಕೆಲ ದಿನ ಚರ್ಚೆ ನಡೆಯಿತು. ಅದಕ್ಕೂ ಮುನ್ನ 2016ರಲ್ಲಿ ಚೆನ್ನೈನ ವೈದ್ಯಕೀಯ ವಿದ್ಯಾರ್ಥಿಯೊಬ್ಬ, 2019ರಲ್ಲಿ ಮುಂಬೈನ ಉದ್ಯಮಿಯೊಬ್ಬರು ಇದೇ ಶಸ್ತ್ರಚಿಕಿತ್ಸೆಯ ಬಳಿಕ ಅಸುನೀಗಿದ್ದರು. ಇಂಥ ಸಾವುಗಳು ಅಪರೂಪ. ಆದರೆ ಕೂದಲು ಕಸಿ ಮಾಡಿಸಿಕೊಂಡ ಪ್ರತಿಯೊಬ್ಬರ ತಲೆಯ ಮೇಲೂ ಉಳಿಯುವ ಇನ್ನೊಂದು ಪರಿಣಾಮವಿದೆ. ಅದು ಸುದ್ದಿಯಾಗುವುದೂ ಇಲ್ಲ, ಚಿಕಿತ್ಸೆಗೆ ಮುನ್ನ ಬಹುಪಾಲು ಚರ್ಚೆಯಾಗುವುದೂ ಇಲ್ಲ. ಅದೆಂದರೆ, ಕೂದಲು ಕಿತ್ತ ಜಾಗದಲ್ಲಿ ಬೀಳುವ ಗಾಯದ ಕಲೆ.

ಈ ಕಲೆಯನ್ನು ಮುಚ್ಚುವುದು ಹೇಗೆಂಬ ಪ್ರಶ್ನೆಯೊಂದಿಗೆ ವೈದ್ಯರ ಬಳಿಗೆ ಮತ್ತೆ ಹೋಗುವವರಿದ್ದಾರೆ. ಅವರಿಗಾಗಿ ಹಚ್ಚೆ, ಪುಡಿ, ಮರುಶಸ್ತ್ರಚಿಕಿತ್ಸೆ, ಮರುಕಸಿ ಎಂಬ ಇನ್ನೊಂದು ಮಾರುಕಟ್ಟೆಯೇ ಹುಟ್ಟಿಕೊಂಡಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಕೇಳಬೇಕಾದ, ವೈದ್ಯರು ತಾವಾಗಿಯೇ ಹೇಳಬೇಕಾದ ಮಾತು ಶಸ್ತ್ರಚಿಕಿತ್ಸೆಯ ನಂತರ ಚರ್ಚೆಗೆ ಬರುತ್ತಿರುವುದೇ ಇಲ್ಲಿನ ಮೂಲ ಸಮಸ್ಯೆ.

ಕೂದಲು ಹುಟ್ಟುವುದಿಲ್ಲ, ಜಾಗ ಬದಲಿಸುತ್ತದೆ

ಕೂದಲು ಕಸಿ ಎಂದರೆ ಹೊಸ ಕೂದಲನ್ನು ಬೆಳೆಸುವ ಚಿಕಿತ್ಸೆಯೆಂಬ ಭಾವನೆ ಜನರಲ್ಲಿದೆ. ವಾಸ್ತವದಲ್ಲಿ ಇದು ಇರುವ ಕೂದಲಿನ ಸ್ಥಳಾಂತರವಷ್ಟೆ. ವಂಶಪಾರಂಪರ್ಯವಾಗಿ ತಲೆ ಬೋಳಾಗುವ ಪುರುಷರಲ್ಲೂ ಹಿಂದಲೆ ಮತ್ತು ಕಿವಿಗಳ ಮೇಲ್ಭಾಗದ ಕೂದಲು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಆ ಕೂದಲನ್ನು ಬೇರೆಡೆ ನೆಟ್ಟರೂ ಅದು ತನ್ನ ಮೂಲ ಗುಣವನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದರು. ಇಂದಿನ ಇಡೀ ಉದ್ಯಮ ನಿಂತಿರುವುದು ಈ ತತ್ವದ ಮೇಲೆ. ಕೂದಲನ್ನು ಕೊಡುವ ಹಿಂದಲೆಯ ಭಾಗಕ್ಕೆ ವೈದ್ಯರು ದಾನಿ ಜಾಗ ಎನ್ನುತ್ತಾರೆ.

ದಾನಿ ಜಾಗದಿಂದ ಕೂದಲನ್ನು ತೆಗೆಯಲು ಎರಡು ಮುಖ್ಯ ವಿಧಾನಗಳಿವೆ. ಮೊದಲನೆಯದು ಪಟ್ಟಿ ವಿಧಾನ. ವೈದ್ಯಕೀಯ ವಲಯದಲ್ಲಿ ಇದಕ್ಕೆ ಎಫ್‌ಯುಟಿ ಎಂಬ ಹೆಸರಿದೆ. ಹಿಂದಲೆಯಿಂದ ಸುಮಾರು ಒಂದು ಸೆಂಟಿಮೀಟರ್ ಅಗಲದ ಚರ್ಮದ ಪಟ್ಟಿಯನ್ನು ಕೊಯ್ದು ತೆಗೆದು, ಎರಡೂ ಅಂಚುಗಳನ್ನು ಸೇರಿಸಿ ಹೊಲಿಯಲಾಗುತ್ತದೆ. ಪಟ್ಟಿಯಿಂದ ಒಂದು, ಎರಡು, ಮೂರು ಕೂದಲುಗಳಿರುವ ಬುಡಗಳನ್ನು ಬಿಡಿಸಿ ಮುಂದಲೆಯಲ್ಲಿ ನೆಡಲಾಗುತ್ತದೆ. ಹಿಂದಲೆಯಲ್ಲಿ ಅಡ್ಡಲಾಗಿ ಒಂದು ಗೆರೆ ಉಳಿಯುತ್ತದೆ.

ಎರಡನೆಯದು ಎಫ್‌ಯುಇ. ಅಮೆರಿಕದ ವಿಲಿಯಂ ರಾಸ್‌ಮನ್ ಮತ್ತು ಸಂಗಡಿಗರು 2002ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದನ್ನು ವಿವರಿಸಿದ ಬಳಿಕ ಇದು ವ್ಯಾಪಕವಾಯಿತು. ಇಲ್ಲಿ ಪಟ್ಟಿ ಕೊಯ್ಯುವುದಿಲ್ಲ. ಒಂದು ಮಿಲಿಮೀಟರ್ ಆಸುಪಾಸಿನ ವ್ಯಾಸದ ಕೊಳವೆಯಂಥ ಹರಿತ ಸಾಧನದಿಂದ ಒಂದೊಂದೇ ಬುಡವನ್ನು ಕಿತ್ತು ತೆಗೆಯಲಾಗುತ್ತದೆ. ಹೊಲಿಗೆ ಇಲ್ಲ, ಉದ್ದನೆಯ ಗೆರೆಯೂ ಇಲ್ಲ.

'ಕಲೆರಹಿತ' ಎಂಬ ಮಾತಿನ ಲೆಕ್ಕ

ಗೆರೆ ಇಲ್ಲವೆಂಬ ಸತ್ಯವೇ ಜಾಹೀರಾತುಗಳಲ್ಲಿ 'ಕಲೆ ಇಲ್ಲ' ಎಂಬ ಅರ್ಧಸತ್ಯವಾಗಿ ಮಾರ್ಪಡುತ್ತದೆ. ಚರ್ಮದ ಪೂರ್ಣ ದಪ್ಪವನ್ನು ಸೀಳಿದ ಯಾವುದೇ ಗಾಯ ಕಲೆಯನ್ನು ಉಳಿಸದೆ ಮಾಯುವುದಿಲ್ಲ. ಎಫ್‌ಯುಇ ವಿಧಾನದಲ್ಲಿ ಒಂದು ಉದ್ದ ಕಲೆಯ ಬದಲು ಸಾವಿರಾರು ಚುಕ್ಕೆ ಕಲೆಗಳು ಬೀಳುತ್ತವೆ. 0.9 ಮಿಲಿಮೀಟರ್ ವ್ಯಾಸದ ಸಾಧನದಿಂದ 2,000 ಬುಡಗಳನ್ನು ತೆಗೆದರೆ ಆ ರಂಧ್ರಗಳ ಒಟ್ಟು ವಿಸ್ತೀರ್ಣ ಸುಮಾರು 12.7 ಚದರ ಸೆಂಟಿಮೀಟರ್. ಎರಡು ಹತ್ತು ರೂಪಾಯಿ ನಾಣ್ಯಗಳನ್ನು ಅಕ್ಕಪಕ್ಕ ಇಟ್ಟರೆ ಆಗುವಷ್ಟಕ್ಕಿಂತ ತುಸು ಹೆಚ್ಚಿನ ಜಾಗ ಇದು. ಅದು ತಲೆಯ ತುಂಬ ಹರಡಿಹೋಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ ಎಂಬುದೇ ಈ ವಿಧಾನದ ಲಾಭ. ಕಲೆಯೇ ಇಲ್ಲವೆಂಬುದಲ್ಲ.

ಭಾರತೀಯರ ವಿಷಯದಲ್ಲಿ ಇನ್ನೊಂದು ಅಂಶವಿದೆ. ಗಾಯ ಮಾಯ್ದ ಚುಕ್ಕೆಗಳು ಬಹುತೇಕ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತವೆ. ಕಂದು ಅಥವಾ ಕಪ್ಪು ಚರ್ಮದ ಮೇಲೆ ಅವು ಎದ್ದು ಕಾಣುತ್ತವೆ. ಗಾಯದ ಜಾಗ ಉಬ್ಬಿ ಬೆಳೆಯುವ ಕೀಲಾಯ್ಡ್ ಪ್ರವೃತ್ತಿಯೂ ಬಿಳಿಯರಿಗಿಂತ ಕಪ್ಪು ಮೈಬಣ್ಣದವರಲ್ಲಿ ಹೆಚ್ಚು. ಕಿವಿ ಚುಚ್ಚಿದ ಜಾಗದಲ್ಲೋ, ಹಳೆಯ ಗಾಯದ ಮೇಲೋ ಗಂಟು ಬೆಳೆದ ಇತಿಹಾಸವಿದ್ದವರಿಗೆ ಈ ಶಸ್ತ್ರಚಿಕಿತ್ಸೆ ಸೂಕ್ತವೇ ಎಂಬುದನ್ನು ಮೊದಲೇ ಪರಿಶೀಲಿಸಬೇಕಾಗುತ್ತದೆ.

ಪಟ್ಟಿ ವಿಧಾನದ ಕಲೆಯ ಗತಿಯನ್ನು ನಿರ್ಧರಿಸುವುದು ಬಹುಮಟ್ಟಿಗೆ ವೈದ್ಯರ ಕೈಗುಣ. ನುರಿತವರ ಕೈಯಲ್ಲಿ ಅದು ಒಂದೆರಡು ಮಿಲಿಮೀಟರ್ ಅಗಲದ ಗೆರೆಯಾಗಿ ಉಳಿಯಬಹುದು. ಪಟ್ಟಿಯನ್ನು ಅಗತ್ಯಕ್ಕಿಂತ ಅಗಲವಾಗಿ ಕೊಯ್ದರೆ, ಬಿಗಿಯಾಗಿ ಎಳೆದು ಹೊಲಿದರೆ, ಕತ್ತಿನ ಸ್ನಾಯುಗಳ ಚಲನೆಯಿರುವ ಕೆಳಭಾಗಕ್ಕೆ ಕತ್ತರಿ ಇಳಿದರೆ ಅಥವಾ ಸೋಂಕು ತಗುಲಿದರೆ ಕಲೆ ಹಿಗ್ಗುತ್ತದೆ. ಎಫ್‌ಯುಇಯಲ್ಲಿ ಅತಿಯಾಸೆಯೇ ಅಪಾಯ. ಒಂದೇ ಭಾಗದಿಂದ ಮಿತಿಮೀರಿ ಬುಡಗಳನ್ನು ಕಿತ್ತರೆ ಹಿಂದಲೆ ಹುಳು ತಿಂದ ಕಂಬಳಿಯಂತಾಗುತ್ತದೆ. ಅದನ್ನು ಸರಿಪಡಿಸಲು ಬೇಕಾದ ಕೂದಲೇ ಆಗ ಉಳಿದಿರುವುದಿಲ್ಲ.

ಮುಚ್ಚುವ ದಾರಿಗಳು, ಅವುಗಳ ಮಿತಿ

ಕಲೆಯನ್ನು ಮುಚ್ಚಲು ಎಲ್ಲಕ್ಕಿಂತ ಸರಳ ಉಪಾಯ ಕೂದಲನ್ನು ಉದ್ದ ಬಿಡುವುದು. ಸಣ್ಣ ಗೆರೆಯಾದರೆ ಒಂದೆರಡು ಸೆಂಟಿಮೀಟರ್ ಕೂದಲು ಸಾಕು. ಚುಕ್ಕೆ ಕಲೆಗಳಿಗೆ ಅದಕ್ಕಿಂತ ಗಿಡ್ಡ ಕೂದಲೂ ಸಾಕಾಗಬಹುದು. ಕೂದಲಿನ ಬಣ್ಣದ ಕೆರಾಟಿನ್ ಪುಡಿಯನ್ನು ಉದುರಿಸಿಕೊಳ್ಳುವುದು ಇನ್ನೊಂದು ಮಾರ್ಗ. ಸಮಾರಂಭವೊಂದರ ಮಟ್ಟಿಗೆ ಇದು ಉಪಯುಕ್ತ. ಸ್ನಾನ ಮಾಡಿದರೆ ತೊಳೆದುಹೋಗುತ್ತದೆ, ಮಳೆ ಮತ್ತು ಬೆವರಿಗೆ ಪೂರ್ತಿ ನಿಲ್ಲುವುದಿಲ್ಲ.

ವೈದ್ಯಕೀಯ ಮಾರ್ಗಗಳಲ್ಲಿ ಅತ್ಯುತ್ತಮವಾದುದು ಮೂಲ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಆಗಬೇಕಾದದ್ದು. ಪಟ್ಟಿ ತೆಗೆದ ಗಾಯದ ಒಂದು ಅಂಚಿನ ಮೇಲ್ಪದರವನ್ನು ತೆಳುವಾಗಿ ಹೆರೆದು ಇನ್ನೊಂದು ಅಂಚಿನಡಿ ಸೇರಿಸಿ ಹೊಲಿದರೆ, ಮುಂದೆ ಕಲೆಯ ನಡುವಿನಿಂದಲೇ ಕೂದಲು ಬೆಳೆದು ಗೆರೆಯನ್ನು ಮರೆಮಾಡುತ್ತದೆ. ಟ್ರೈಕೋಫೈಟಿಕ್ ಹೊಲಿಗೆ ಎಂಬ ಈ ಕ್ರಮ ಸರ್ವರಿಗೂ ಫಲ ಕೊಡುತ್ತದೆಂಬ ಖಾತರಿ ಇಲ್ಲದಿದ್ದರೂ, ಇದನ್ನು ಅನುಸರಿಸುತ್ತೀರಾ ಎಂದು ಮೊದಲೇ ಕೇಳುವ ಹಕ್ಕು ರೋಗಿಗಿದೆ.

ಕಲೆ ಬಿದ್ದ ಮೇಲೆ ಉಳಿಯುವ ಆಯ್ಕೆಗಳು ಮೂರು. ನೆತ್ತಿಯ ಚರ್ಮ ಸಡಿಲವಾಗಿದ್ದರೆ ಅಗಲವಾದ ಕಲೆಯನ್ನು ಕೊಯ್ದು ಮತ್ತೆ ಹೊಲಿಯಬಹುದು. ಕಲೆ ಪಕ್ವವಾಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಮೊದಲ ಸಲ ಹಿಗ್ಗಿದ್ದು ಎರಡನೆಯ ಸಲವೂ ಹಿಗ್ಗಬಹುದು. ಕಲೆಯೊಳಗೇ ಕೂದಲು ನೆಡುವುದು ಎರಡನೆಯ ಆಯ್ಕೆ. ತಲೆಯಲ್ಲಿ ಕೂದಲು ಸಾಲದಿದ್ದರೆ ಗಡ್ಡದ ಕೂದಲನ್ನು ಬಳಸುವುದುಂಟು. ಆದರೆ ಕಲೆಯ ಅಂಗಾಂಶಕ್ಕೆ ರಕ್ತಸಂಚಾರ ಕಡಿಮೆಯಾದ್ದರಿಂದ ನೆಟ್ಟದ್ದೆಲ್ಲ ಬದುಕುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಮೂರನೆಯ ಆಯ್ಕೆಯಾದ ಸ್ಕಾಲ್ಪ್ ಮೈಕ್ರೋಪಿಗ್ಮೆಂಟೇಶನ್. ಸರಳವಾಗಿ ಹೇಳುವುದಾದರೆ, ಕತ್ತರಿಸಿದ ಕೂದಲಿನ ಬುಡದಂತೆ ಕಾಣುವ ಚುಕ್ಕೆಗಳ ಹಚ್ಚೆ. ಎರಡು ಮೂರು ಸಲ ಕುಳಿತು ಹಾಕಿಸಿಕೊಳ್ಳಬೇಕು. ಬಿಸಿಲಿಗೆ, ಕಾಲಕ್ರಮೇಣ ಅದು ಮಾಸುತ್ತದೆ, ಕೆಲ ವರ್ಷಗಳಿಗೊಮ್ಮೆ ಮತ್ತೆ ತಿದ್ದಿಸಬೇಕಾಗುತ್ತದೆ. ಸೂಜಿ ಆಳಕ್ಕಿಳಿದರೆ ಚುಕ್ಕೆ ಹರಡಿ ನೀಲಿಯಾಗಬಹುದು. ತಲೆ ನರೆತ ಮೇಲೂ ಹಚ್ಚೆ ಕಪ್ಪಾಗಿಯೇ ಉಳಿಯುತ್ತದೆ. ಉಬ್ಬಿದ ಕಲೆಯ ಬಣ್ಣವನ್ನು ಅದು ಮರೆಸಬಹುದೇ ಹೊರತು ಉಬ್ಬನ್ನಲ್ಲ. ಶುಚಿಯಿಲ್ಲದ ಸೂಜಿಯಿಂದ ಹೆಪಟೈಟಿಸ್‌ನಂಥ ಸೋಂಕು ಹರಡುವ ಅಪಾಯ ಎಲ್ಲ ಹಚ್ಚೆಗಳಿಗಿರುವಂತೆ ಇದಕ್ಕೂ ಇದೆ.

ಬೋಳಿಸಬೇಕಾದ ಸಂದರ್ಭ

ಇಷ್ಟೆಲ್ಲ ಉಪಾಯಗಳ ಹಿಂದಿರುವ ಊಹೆ ಒಂದೇ. ಈ ವ್ಯಕ್ತಿ ಇನ್ನೆಂದೂ ತಲೆ ಬೋಳಿಸಿಕೊಳ್ಳುವುದಿಲ್ಲ ಎಂಬುದು. ಪಶ್ಚಿಮದ ದೇಶಗಳಲ್ಲಿ ಇದು ಕೇಶವಿನ್ಯಾಸದ ಆಯ್ಕೆಯ ಮಾತಾಗಿರಬಹುದು. ಕರ್ನಾಟಕದಲ್ಲಿ ಅಷ್ಟು ಸುಲಭವಲ್ಲ. ತಿರುಮಲೆಗೆ, ಧರ್ಮಸ್ಥಳಕ್ಕೆ, ನಂಜನಗೂಡಿಗೆ ಹೋಗಿ ಮುಡಿ ಕೊಡುವ ಹರಕೆ ಅಸಂಖ್ಯ ಕುಟುಂಬಗಳಲ್ಲಿದೆ. ತಂದೆ ತಾಯಿ ತೀರಿಕೊಂಡಾಗ ಉತ್ತರಕ್ರಿಯೆ ಮಾಡುವ ಮಗ ಕೇಶಮುಂಡನ ಮಾಡಿಸಿಕೊಳ್ಳುವ ಪದ್ಧತಿ ಹಲವು ಸಮುದಾಯಗಳಲ್ಲಿ ಇಂದಿಗೂ ಕಡ್ಡಾಯವೆಂಬಂತೆ ನಡೆಯುತ್ತಿದೆ. ಇಪ್ಪತ್ತೈದರ ಹರೆಯದಲ್ಲಿ ಕಸಿ ಮಾಡಿಸಿಕೊಂಡವನಿಗೆ ಆ ದಿನ ಇಂದಲ್ಲ ನಾಳೆ ಬರುವುದು ನಿಶ್ಚಿತ. ಶೋಕದ ಮನೆಯಲ್ಲಿ, ನೆಂಟರಿಷ್ಟರ ಎದುರು, ವರ್ಷಗಳ ಗುಟ್ಟು ಕ್ಷೌರದ ಕತ್ತಿಗೆ ಬಯಲಾಗುತ್ತದೆ.

ಇದು ಗುಟ್ಟಾಗಿ ಉಳಿಯುವುದಕ್ಕೂ ಸಾಮಾಜಿಕ ಕಾರಣವಿದೆ. ಬೊಕ್ಕತಲೆಯ ವರನಿಗೆ ಹೆಣ್ಣು ಸಿಗುವುದು ಕಷ್ಟವೆಂಬ ಭಯ ಸುಳ್ಳೇನಲ್ಲ. ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ 2017ರ 'ಒಂದು ಮೊಟ್ಟೆಯ ಕಥೆ' ಚಿತ್ರದ ವಸ್ತುವೇ ಅದು. 2019ರಲ್ಲಿ 'ಉಜ್ಡಾ ಚಮನ್' ಹೆಸರಿನಲ್ಲಿ ಅದು ಹಿಂದಿಗೂ ಹೋಯಿತು. ಮದುವೆಗೆ ಮುನ್ನ ಮಾಡಿಸಿಕೊಂಡ ಕಸಿಯನ್ನು ಹೆಣ್ಣಿನ ಕಡೆಯವರಿಗೆ ತಿಳಿಸದವರು, ಬಳಿಕ ಕಲೆಯನ್ನೂ ಮುಚ್ಚಿಡಬೇಕಾಗುತ್ತದೆ.

ವಯಸ್ಸಿನೊಂದಿಗೆ ಮುಚ್ಚಿಡುವುದು ಇನ್ನೂ ಕಷ್ಟವಾಗುತ್ತದೆ. ಕಸಿ ಮಾಡಿಸಿದ ಮಾತ್ರಕ್ಕೆ ಉಳಿದ ಕೂದಲು ಉದುರುವುದು ನಿಲ್ಲುವುದಿಲ್ಲ. ನಡುವಯಸ್ಸಿನಲ್ಲಿ ನೆತ್ತಿಯ ಬೋಳು ಕೆಳಗಿಳಿದು ಹಿಂದಲೆಯ ಕೂದಲ ಪಟ್ಟಿ ಕಿರಿದಾದಾಗ, ಯೌವನದಲ್ಲಿ ಮರೆಯಾಗಿದ್ದ ಗೆರೆ ಹೊರಬೀಳಬಹುದು. ಹದಿಹರೆಯ ದಾಟುತ್ತಿದ್ದಂತೆಯೇ ಶಸ್ತ್ರಚಿಕಿತ್ಸೆಗೆ ಆತುರಪಡಬಾರದು ಎಂಬ ತಜ್ಞರ ಎಚ್ಚರಿಕೆಗೆ ಇದೂ ಒಂದು ಕಾರಣ.

ಕಾನೂನು ಏನನ್ನುತ್ತದೆ?

ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಸೆಪ್ಟೆಂಬರ್‌ನಲ್ಲಿ ಕೂದಲು ಕಸಿ ಕುರಿತು ಮಾರ್ಗಸೂಚಿ ಹೊರಡಿಸಿತು. ವಿಡಿಯೊ ನೋಡಿಯೋ, ಕಾರ್ಯಾಗಾರಗಳಲ್ಲಿ ಭಾಗವಹಿಸಿಯೋ ಕಲಿತು ಮಾಡುವ ಶಸ್ತ್ರಚಿಕಿತ್ಸೆ ಇದಲ್ಲವೆಂದೂ, ವಿಧಿವತ್ತಾದ ತರಬೇತಿ ಪಡೆದ ವೈದ್ಯರೇ ಮಾಡಬೇಕೆಂದೂ ಅದು ಹೇಳಿತು. ಯಾರು ಚಾಕು ಹಿಡಿಯಬೇಕೆಂಬ ಪ್ರಶ್ನೆಗೆ ಇದು ಉತ್ತರವಾಯಿತು. ಚಾಕು ಹಿಡಿಯುವ ಮುನ್ನ ಏನು ಹೇಳಬೇಕೆಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಅದಕ್ಕೂ ಬಹಳ ಮೊದಲೇ ಉತ್ತರಿಸಿದೆ. ಚಿಕಿತ್ಸೆಯ ಸ್ವರೂಪ, ಅಪಾಯ ಹಾಗೂ ಪರ್ಯಾಯಗಳ ಬಗ್ಗೆ ಸಾಕಷ್ಟು ಮಾಹಿತಿ ಪಡೆದ ಬಳಿಕ ರೋಗಿ ಕೊಡುವ ಒಪ್ಪಿಗೆಯೇ ನಿಜವಾದ ಒಪ್ಪಿಗೆ ಎಂದು ಸಮೀರಾ ಕೊಹ್ಲಿ ಪ್ರಕರಣದ 2008ರ ತೀರ್ಪು ಸ್ಪಷ್ಟಪಡಿಸಿದೆ. ಈ ಅಳತೆಗೋಲಿನಿಂದ ನೋಡಿದರೆ, ಶಾಶ್ವತ ಕಲೆಯ ಮಾತೆತ್ತದೆ ಪಡೆದ ಸಹಿ ಅಪೂರ್ಣವೆಂದೇ ಹೇಳಬೇಕಾಗುತ್ತದೆ.

ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲೇ ತೀರ್ಮಾನವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಚನೆಯಾದ ಕೇಂದ್ರೀಯ ಪ್ರಾಧಿಕಾರಕ್ಕೆ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರವಿದೆ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕ್ಲಿನಿಕ್‌ಗಳ ನೋಂದಣಿ ಕಡ್ಡಾಯ. ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರಕ್ಕೆ ದೂರು ಸಲ್ಲಿಸಲು ಅವಕಾಶವಿದೆ. ಆದರೆ ಕಸಿಯನ್ನೇ ಗುಟ್ಟಾಗಿಟ್ಟವನು ದೂರು ಕೊಡಲು ಮುಂದಾಗುವುದು ಅಪರೂಪ. ಈ ನಾಚಿಕೆಯೇ ತಪ್ಪು ಮಾಡಿದವರಿಗೆ ಸಿಗುವ ದೊಡ್ಡ ರಕ್ಷಣೆ.

ಹೀಗಿರುವಾಗ ಸಹಿ ಹಾಕುವ ಮುನ್ನವೇ ಕೆಲವು ಪ್ರಶ್ನೆಗಳು ಕೇಳಿಬರಬೇಕು. ಯಾವ ವಿಧಾನ, ಎಷ್ಟು ಬುಡ, ಕೀಳುವವರು ವೈದ್ಯರೋ ಸಹಾಯಕರೋ? ಮುಂದೆ ತಲೆ ಬೋಳಿಸಬೇಕಾಗಿ ಬಂದರೆ ಏನು ಕಾಣುತ್ತದೆ? ಮತ್ತೊಮ್ಮೆ ಅಗತ್ಯಬಿದ್ದರೆ ದಾನಿ ಜಾಗದಲ್ಲಿ ಎಷ್ಟು ಉಳಿದಿರುತ್ತದೆ? ಕಸಿಯ ನಂತರದ ಮುಂದಲೆಯ ಚಿತ್ರಗಳನ್ನಷ್ಟೇ ತೋರಿಸುವ ಕ್ಲಿನಿಕ್‌ಗಳು ಗಿಡ್ಡ ಕೂದಲಿನ ಹಿಂದಲೆಯ ಚಿತ್ರಗಳನ್ನೂ ತೋರಿಸಬೇಕು. ಆರೋಗ್ಯ ಇಲಾಖೆ ಮನಸ್ಸು ಮಾಡಿದರೆ, ಕಲೆಯ ವಿವರವನ್ನು ಒಳಗೊಂಡ ಕನ್ನಡದ ಸಮ್ಮತಿ ಪತ್ರವೊಂದನ್ನು ನೋಂದಾಯಿತ ಕ್ಲಿನಿಕ್‌ಗಳಿಗೆ ಕಡ್ಡಾಯಗೊಳಿಸುವುದು ಕಷ್ಟದ ಕೆಲಸವೇನಲ್ಲ. ಕಲೆ ಬೀಳುವುದನ್ನು ಅದು ತಪ್ಪಿಸಲಾರದು. ಆದರೆ ತನ್ನ ಹಿಂದಲೆಯಲ್ಲಿ ಏನು ಉಳಿಯಲಿದೆ ಎಂಬುದನ್ನು ಯುವಕನೊಬ್ಬ ಹಣ ಕಟ್ಟುವ ಮೊದಲೇ ತಿಳಿದುಕೊಳ್ಳುವಂತಾಗುತ್ತದೆ.