‘ಪಪ್ಪ’ನ ಪ್ರೀತಿಯೂ ಒಂದು ಬೀಗ

ನಿಮ್ಮ ಮನೆಯ ಹದಿವಯಸ್ಸಿನ ಮಕ್ಕಳು ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿ ನೋಡುತ್ತಾರೆಯೇ? ನೋಡುತ್ತಿದ್ದರೆ ನಿಮ್ಮ ಆಕ್ಷೇಪಣೆ ಬಹುಶಃ ಅದರಲ್ಲಿ ಬರುವ ರಾಕ್ಷಸನ ಬಗ್ಗೆ ಇರುತ್ತದೆ. ರಾತ್ರಿ ಹೆದರಿಕೊಂಡಾರು ಎಂದು ಗದರುತ್ತೀರಿ. ರಾಕ್ಷಸನ ಹೆದರಿಕೆ ನಾಲ್ಕು ದಿನದಲ್ಲಿ ಹೋಗುತ್ತದೆ. ನನ್ನನ್ನು ಕಾಡಿದ್ದು ಅದೇ ಧಾರಾವಾಹಿಯಲ್ಲಿ ಮೆಲ್ಲಗೆ ಮಾತನಾಡುವ, ನೀಟಾಗಿ ತಲೆ ಬಾಚಿದ, ಎಂದೂ ದನಿ ಏರಿಸದ ಡಾಕ್ಟರ್ ಬ್ರೆನರ್.

2016ರಲ್ಲಿ ಆರಂಭವಾದ ಈ ಅಮೆರಿಕನ್ ವೈಜ್ಞಾನಿಕ ಧಾರಾವಾಹಿಯ ಕಥೆ ನಡೆಯುವುದು 1980ರ ದಶಕದ ಹಾಕಿನ್ಸ್ ಎಂಬ ಕಾಲ್ಪನಿಕ ಊರಿನಲ್ಲಿ. ಅಲ್ಲಿನ ಪ್ರಯೋಗಾಲಯದಲ್ಲಿ ಒಬ್ಬ ಹುಡುಗಿ ಬೆಳೆಯುತ್ತಾಳೆ. ಮುಟ್ಟದೆಯೇ ವಸ್ತುಗಳನ್ನು ಅಲುಗಿಸುವ ಶಕ್ತಿ ಅವಳಿಗಿದೆ. ಕೈಮೇಲೆ ಹಚ್ಚೆ ಹಾಕಿದ ಸಂಖ್ಯೆ 011. ಹೆಸರೂ ಅದೇ, ಇಲೆವೆನ್. ಹೆತ್ತ ತಾಯಿಗೆ ಮಗು ಉಳಿಯಲಿಲ್ಲವೆಂದು ಸುಳ್ಳು ಹೇಳಿ ಅವಳನ್ನು ಕಿತ್ತುಕೊಂಡ ಬ್ರೆನರನನ್ನೇ ಆಕೆ ‘ಪಪ್ಪಾ’ ಎನ್ನುತ್ತಾಳೆ.

ಒಂದು ದೃಶ್ಯ ಗಮನಿಸಿ. ಪಂಜರದಲ್ಲಿರುವ ಬೆಕ್ಕಿನ ಮೇಲೆ ಶಕ್ತಿ ಪ್ರಯೋಗಿಸಬೇಕು. ಹುಡುಗಿ ಒಲ್ಲೆನೆನ್ನುತ್ತಾಳೆ. ಕಾವಲುಗಾರರು ಅವಳನ್ನು ಕತ್ತಲೆಕೋಣೆಗೆ ಎಳೆದೊಯ್ಯುತ್ತಾರೆ. ‘ಪಪ್ಪಾ’ ಎಂದು ಕೂಗಿಕೊಂಡರೂ ಅವನು ಕದಲುವುದಿಲ್ಲ. ಕೊನೆಗೆ ಸಿಟ್ಟಿನ ಭರದಲ್ಲಿ ಇಬ್ಬರು ಕಾವಲುಗಾರರು ಅವಳಿಂದಲೇ ಸಾಯುತ್ತಾರೆ. ಆಗ ಬರುತ್ತಾನೆ ಪಪ್ಪ. ಬೈಯುವುದಿಲ್ಲ. ಕೆನ್ನೆ ಸವರಿ, ಎತ್ತಿಕೊಂಡು ಹೋಗುತ್ತಾನೆ. ಸೋತು ಸುಣ್ಣವಾದ ಮಗು ಅವನ ಹೆಗಲಿಗೇ ಒರಗುತ್ತದೆ. ಕೋಣೆಗೆ ನೂಕಿಸಿದವನೂ ಅವನೇ, ಸಂತೈಸುವವನೂ ಅವನೇ. ಬೇರೆ ಯಾರಿದ್ದಾರೆ ಅದಕ್ಕೆ?

ಹೀಗೆ ನೋಯಿಸಿದ ಕೈಗೇ ಮನಸ್ಸು ಅಂಟಿಕೊಳ್ಳುವುದೇಕೆ? ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದ್ದರು. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತೊಡನೆ ಬೇಗ ಕುಕ್ಕುವುದನ್ನು ಬಿಡುತ್ತಿತ್ತು. ಯಾವಾಗ ಸಿಗುವುದೋ ಗೊತ್ತಿಲ್ಲದಂತೆ ಕಾಳು ಪಡೆದ ಹಕ್ಕಿಯಾದರೋ ಸುಲಭವಾಗಿ ಬಿಡುತ್ತಿರಲಿಲ್ಲ, ಕುಕ್ಕುತ್ತಲೇ ಇರುತ್ತಿತ್ತು. ಅಳತೆ ತಪ್ಪಿದ ಪ್ರೀತಿ ಮನುಷ್ಯರನ್ನು ಕಟ್ಟಿಹಾಕುವುದೂ ಹೆಚ್ಚುಕಡಿಮೆ ಹೀಗೆಯೇ. ಸದಾ ಎಚ್ಚರವಾಗಿ ‘ಇವತ್ತು ಅವರ ಮುಖ ಹೇಗಿದೆ’ ಎಂದು ನೋಡುತ್ತ ಬೆಳೆಯುವ ಮಗುವಿಗೆ ನಿದ್ದೆ ಕೆಡಬಹುದು. ಕಾರಣವೇ ತಿಳಿಯದ ಹೊಟ್ಟೆನೋವು, ತಲೆನೋವು ಬರಬಹುದು. ಪರೀಕ್ಷೆಗಳೆಲ್ಲ ಸರಿಯಿದ್ದರೆ ಮಗು ನಾಟಕ ಮಾಡುತ್ತಿದೆ ಎಂದುಬಿಡಬೇಡಿ. ನೋವು ನಿಜವೇ.

ಇಲ್ಲಿ ನೀವು ಕೇಳಬಹುದು: ಮುಂದೆ ಅವಳನ್ನು ಸಾಕುವ ಪೊಲೀಸ್ ಅಧಿಕಾರಿ ಹಾಪರ್ ಮಾಡಿದ್ದೇನು? ಅವನೂ ಕಾಡಿನ ಗುಡಿಸಿಲಲ್ಲಿ ಕೂಡಿಹಾಕಲಿಲ್ಲವೇ? ನ್ಯಾಯವಾದ ಪ್ರಶ್ನೆ. ‘ಇನ್ನು ಸ್ವಲ್ಪ ದಿನ’ ಎಂದು ತಿಂಗಳುಗಟ್ಟಲೆ ತಳ್ಳಿದ್ದು, ಜಗಳದಲ್ಲಿ ಕಿರುಚಿದ್ದು, ಟಿ.ವಿ. ಕಿತ್ತುಕೊಂಡದ್ದು ಯಾವುದೂ ಸರಿಯಲ್ಲ. ಅವನ ಅಭಿಮಾನಿಗಳು ಇದನ್ನು ಒಪ್ಪುವುದಿಲ್ಲ, ಅದಿರಲಿ. ಆದರೆ ಒಂದು ಅಂತರವಿದೆ. ತನ್ನ ಸ್ವಂತ ಮಗಳು ಸತ್ತ ಭಯವೇ ಸಿಟ್ಟಾಗಿ ಹೊರಬರುತ್ತಿದೆ ಎಂದು ಅವನು ಮುಂದೆ ಹುಡುಗಿಯೆದುರು ಒಪ್ಪಿಕೊಂಡು ಕ್ಷಮೆ ಕೇಳುತ್ತಾನೆ. ಬ್ರೆನರನ ಬಾಯಲ್ಲಿ ಅಂಥ ಮಾತು ಬಂದುದೇ ಇಲ್ಲ.

ನಮ್ಮ ಮನೆಗಳಲ್ಲಿ ಪ್ರಯೋಗಾಲಯವಿಲ್ಲ, ನಿಜ. ಆದರೆ ‘ನಿನಗೋಸ್ಕರ ಎಲ್ಲಾ ಬಿಟ್ಟೆ’, ‘ನೀನು ಹೀಗೆ ಮಾಡಿದರೆ ನಾನು ಬದುಕಿರಲ್ಲ’ ಎಂಬ ಮಾತುಗಳಿವೆ. ಎರಡು ದಿನ ಮುಖ ತಿರುಗಿಸಿಕೊಂಡು, ಮೂರನೆಯ ದಿನ ಹೊಸ ಬಟ್ಟೆ ತಂದುಕೊಡುವ ರೂಢಿಯೂ ಇದೆ. ಒಮ್ಮೆ ನಾಲಿಗೆ ಜಾರಿದ ತಾಯಿಯನ್ನು ಬ್ರೆನರನ ಸಾಲಿಗೆ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಅದೇ ದಿನಚರಿಯಾಗಿದ್ದರೆ ಮಾತ್ರ ಯೋಚಿಸಿ. ಗಂಡ ಹೆಂಡಿರ ನಡುವೆ ಇದು ನಡೆದರೂ ಚಿಕ್ಕದಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಣ್ಣಿಗೆ ಕೊಡುವ ಮಾನಸಿಕ ಹಿಂಸೆಯನ್ನೂ ಹಿಂಸೆಯೆಂದೇ ಎಣಿಸಿದೆ. ಮನಸ್ಸಿಗೆ ತಡೆಯಲಾರದಷ್ಟಾದರೆ 14416 ಸಂಖ್ಯೆಯ ಟೆಲಿಮಾನಸ್‌ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳಿಗಾದರೆ 1098.

ಧಾರಾವಾಹಿಗೆ ಬೀಗ ಹಾಕಬೇಡಿ. ಆದರೆ ಜೊತೆಯಲ್ಲಿ ಕುಳಿತು ನೋಡಿ. 2022ರ ನಾಲ್ಕನೆಯ ಕಂತುಮಾಲೆಯಲ್ಲಿ, ಸ್ನೇಹಿತರನ್ನು ಉಳಿಸಲು ಹೊರಟ ಇಲೆವೆನ್‌ಳ ಕೊರಳಿಗೆ ಬ್ರೆನರ್ ಪಟ್ಟಿ ಬಿಗಿಸುತ್ತಾನೆ. ಕೊನೆಗೆ ಗುಂಡೇಟು ತಿಂದು ಬಿದ್ದಾಗ ಪಟ್ಟಿ ಬಿಚ್ಚುತ್ತಾನೆ. ಮಾಡಿದ್ದೆಲ್ಲ ನಿನಗಾಗಿಯೇ, ಅರ್ಥವಾಯಿತೆನ್ನು ಎಂದು ಅಂಗಲಾಚುತ್ತಾನೆ. ಅವಳು ಅಳುತ್ತಾಳೆ, ಪಪ್ಪಾ ಎಂದೇ ಕರೆದು ವಿದಾಯ ಹೇಳುತ್ತಾಳೆ. ಅವನು ಬೇಡಿದ ಮಾತನ್ನು ಮಾತ್ರ ಕೊಡುವುದಿಲ್ಲ.

ನಮ್ಮ ಮನೆಯಲ್ಲಿ ಅದನ್ನು ನೋಡುತ್ತಿದ್ದಾಗ ಅಣ್ಣನ ಮಗಳು, ‘ಪಾಪ, ಸಾಯ್ತಾ ಇದ್ದಾನೆ ಅತ್ತೆ, ಹೂಂ ಅನ್ನಬಾರದಿತ್ತಾ?’ ಎಂದಳು. ‘ಯಾಕೆ ಅನ್ನಬೇಕು?’ ಎಂದೆ. ಟಿ.ವಿ. ಆರಿಸಿದ ಮೇಲೂ ಅರ್ಧ ಗಂಟೆ ನಾವಿಬ್ಬರೂ ಅದನ್ನೇ ಮಾತನಾಡಿದೆವು.